ಕಿವಿಯಕ್ಕ ತೆಗೆದ ಅಚ್ಚುಗಳು

ಯುದ್ಧಕ್ಕೆ ಹೆದರಿ ಗಡಿ ದಾಟಿ ಶಿಬಿರಕ್ಕೆ ಬಂದ ದಿನ ಅಲ್ಲಿದ್ದ ಅಧಿಕಾರಿ ಕೈಗೆ ಎರಡು ಕಂಬಳಿ ಕೊಟ್ಟು, ಒಂದೆರಡು ತಿಂಗಳ ಮಾತು, ಆಮೇಲೆ ನಿಮ್ಮ ನಿಮ್ಮ ಮನೆಗೆ ನೀವು ಎಂದಿದ್ದ. ಭೂಗೋಳದ ಮೇಷ್ಟ್ರು ಅದನ್ನು ನಂಬಿದರು. ಅವರು ಮೊದಲಿನಿಂದಲೂ ನಂಬುವ ಮನುಷ್ಯ. ಪಠ್ಯಪುಸ್ತಕದಲ್ಲಿ ಅಚ್ಚಾದದ್ದನ್ನೂ ಸರಕಾರದವರು ಬಾಯಲ್ಲಿ ಹೇಳಿದ್ದನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದರು. ಅವರ ಹೆಂಡತಿ ಮಾತ್ರ ಕಂಬಳಿಯನ್ನು ಬಿಡಿಸಿ ನೋಡಿ, ದಾರ ಎಳೆದು ನೋಡಿ, ಇದು ಎರಡು ತಿಂಗಳಿಗೆ ಕೊಡೋ ಕಂಬಳಿ ಅಲ್ಲ, ಬಾಳಿಕೆ ಬರೋದು ಎಂದಳು.

ಅವಳ ಮಾತೇ ನಿಜವಾಯಿತು. ಬಟ್ಟೆಯ ಗುಡಾರಗಳ ಜಾಗದಲ್ಲಿ ತಗಡು ಬಂತು, ತಗಡಿನ ಜಾಗದಲ್ಲಿ ಇಟ್ಟಿಗೆ ಬಂತು. ಸಾಲುಗಳ ನಡುವಿನ ಕಾಲುದಾರಿ ಬೀದಿಯಾಯಿತು, ಬೀದಿಗೆ ಕ್ಷೌರದಂಗಡಿ ಬಂತು, ಆ ಕ್ಷೌರದಂಗಡಿಗೆ ಇಲ್ಲೇ ಹುಟ್ಟಿದ ಹುಡುಗರು ಗಡ್ಡ ಬೋಳಿಸಿಕೊಳ್ಳಲು ಬರುವಂತಾದರು. ಮೇಷ್ಟ್ರು ಮಾತ್ರ ಮನೆಗೊಂದು ಕಪಾಟು ತರಲು ಬಿಡಲಿಲ್ಲ. ಹೊರಡುವಾಗ ಅದನ್ನ ಹೊತ್ತುಕೊಂಡು ಹೋಗೋರು ಯಾರು ಎನ್ನುವುದು ಅವರ ವಾದ. ಬೆಳಿಗ್ಗೆ ಎದ್ದು ಗೇಟಿನ ಬಳಿ ಹೋಗಿ, ಅಲ್ಲಿ ಸೇರಿದ ಗಂಡಸರೊಂದಿಗೆ ಸುದ್ದಿಯ ಹಿಂದುಮುಂದು ಕೆದಕಿ, ಮಧ್ಯಾಹ್ನಕ್ಕೆ ಸಪ್ಪೆ ಮೋರೆ ಹಾಕಿಕೊಂಡು ಬರುವುದೇ ಅವರ ದಿನಚರಿ. ನಕ್ಷೆಯಲ್ಲಿ ಯಾವ ದೇಶ ಎಲ್ಲಿದೆ ಎಂದು ಕಣ್ಣುಮುಚ್ಚಿ ಬೆರಳಿಡಬಲ್ಲ ಮನುಷ್ಯನಿಗೆ ತಾನೀಗ ಎಲ್ಲಿದ್ದೇನೆ ಎಂಬುದೇ ತಿಳಿಯದಂತಾಗಿತ್ತು.

ಹೆಂಡತಿಗೆ ಒಂದು ಕಸುಬಿತ್ತು. ತಮ್ಮ ನಗರದಲ್ಲಿ ಅವಳು ಹಲ್ಲಿನ ಡಾಕ್ಟರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಬೊಚ್ಚುಬಾಯಿಯ ಅಚ್ಚು ಮುಂದಿನ ಕೋಣೆಯಿಂದ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುವುದು ಅವಳ ಕೆಲಸ. ಯಾರ ಮುಖವನ್ನೂ ನೋಡದೆ ಊರಿನ ಅರ್ಧ ಜನರ ನಗುವನ್ನು ಅವಳು ಮಾಡಿಕೊಟ್ಟಿದ್ದಳು. ಓಡಿಬರುವ ಗಡಿಬಿಡಿಯಲ್ಲೂ ಮೇಣ ಕೆತ್ತುವ ಸಣ್ಣ ಚಾಕು, ಚಮಚದಂಥ ಸಲಾಕೆಗಳು, ಉಜ್ಜುವ ಅರಗಳು, ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ದಾರಿಯಲ್ಲಿ ಬ್ರೆಡ್ಡು ತರೋದು ಬಿಟ್ಟು ಈ ಕಬ್ಬಿಣ ತಂದಿದ್ದೀಯಲ್ಲ ಎಂದು ಮೇಷ್ಟ್ರು ಗೊಣಗಿದ್ದರು. ಅವರ ಚೀಲದಲ್ಲಿ ಇದ್ದದ್ದು ಭೂಪಟದ ಪುಸ್ತಕ.

ಪಕ್ಕದ ಮನೆಯಲ್ಲಿ ಒಬ್ಬ ಬಡಗಿ. ಬಿಟ್ಟುಬಂದ ಊರಿನಲ್ಲಿ ಬೀದಿಯ ಪಕ್ಕದಲ್ಲೇ ಬಾಂಬು ಬಿದ್ದ ಮೇಲೆ ಅವನ ಕಿವಿಗಳು ಹೋಗಿದ್ದವು. ಪೂರ್ತಿ ಅಲ್ಲ, ಬಾವಿಯ ತಳದಿಂದ ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ ಎನ್ನುತ್ತಿದ್ದ. ಅವನ ಹೆಂಡತಿ ಎಲ್ಲವನ್ನೂ ಕೂಗಿಯೇ ಹೇಳಬೇಕು. ಹಾಗಾಗಿ ಅವರ ಮನೆಯಲ್ಲಿ ಉಪ್ಪು ಮುಗಿದದ್ದು, ಅವನಿಗೆ ಮೂಲವ್ಯಾಧಿ ಮರುಕಳಿಸಿದ್ದು, ನಾದಿನಿಯ ಮೇಲೆ ಅವಳಿಗಿದ್ದ ಸಿಟ್ಟು, ಇವೆಲ್ಲ ಇಡೀ ಸಾಲಿಗೆ ಗೊತ್ತು. ಅಂಥವರು ಶಿಬಿರದಲ್ಲಿ ಅವನೊಬ್ಬನೇ ಅಲ್ಲ. ಯುದ್ಧ ಕೈಕಾಲು ಕಿತ್ತುಕೊಂಡದ್ದು ಕಣ್ಣಿಗೆ ಕಾಣುತ್ತದೆ. ಕಿವಿ ಕಿತ್ತುಕೊಂಡದ್ದು ಕಾಣುವುದಿಲ್ಲ. ಅಂಥವರನ್ನು ಜನ ಮಂಕು ಎಂದರು, ಸೊಕ್ಕು ಎಂದರು, ಆಮೇಲೆ ಮಾತಾಡಿಸುವುದನ್ನೇ ಬಿಟ್ಟರು.

ಪರಿಹಾರ ಸಂಸ್ಥೆಯೊಂದು ಪೆಟ್ಟಿಗೆಗಟ್ಟಲೆ ಕಿವಿ ಮೆಷಿನ್ನು ತಂದು ಹಂಚಿತು. ಒಳ್ಳೆಯ ಮೆಷಿನ್ನುಗಳೇ. ಆದರೆ ಕಿವಿಯೊಳಗೆ ಕೂರುವ ರಬ್ಬರಿನ ತುದಿ ಎಲ್ಲರಿಗೂ ಒಂದೇ ಬಗೆಯದು. ಕೆಲವರಿಗೆ ಅದು ಸಡಿಲ, ಕೆಲವರಿಗೆ ಹುಣ್ಣಾಗುವಷ್ಟು ಬಿಗಿ. ಸಡಿಲವಾದರೆ ಸದ್ದು ಹೊರಗೆ ಸೋರಿ, ಮತ್ತೆ ಮೆಷಿನ್ನಿಗೇ ನುಗ್ಗಿ, ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ. ಕೆಲವು ದಿನ ಇಡೀ ಸಾಲು ಶಿಳ್ಳೆ ಹೊಡೆಯಿತು. ಆಮೇಲೆ ಒಬ್ಬೊಬ್ಬರೇ ಕಿತ್ತು ಮೂಲೆಗೆಸೆದರು. ಬಡಗಿ ತನ್ನದನ್ನು ಮೊಳೆಯ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದ.

ಮೇಷ್ಟ್ರ ಹೆಂಡತಿ ಒಂದು ಮಧ್ಯಾಹ್ನ ಆ ಡಬ್ಬಿಯಿಂದ ಮೆಷಿನ್ನು ತೆಗೆಸಿ ನೋಡಿದಳು. ರಬ್ಬರಿನ ತುದಿಯನ್ನು ಬೆರಳ ನಡುವೆ ತಿರುಗಿಸಿದಳು, ಬಡಗಿಯ ಕಿವಿಯನ್ನು ಬೆಳಕಿಗೆ ತಿರುಗಿಸಿದಳು. ಮನೆಗೆ ಬಂದು ಗಂಡನಿಗೆ ಹೇಳಿದಳು.

"ಒಬ್ಬರ ಒಸಡಿನ ಹಾಗೆ ಇನ್ನೊಬ್ಬರದ್ದು ಇರಲ್ಲ ಅಲ್ವಾ? ಕಿವಿನೂ ಹಾಗೇ. ಅವನ ಕಿವಿಗೆ ಅವನದ್ದೇ ಅಚ್ಚು ಬೇಕು."

"ನಿನಗೆ ಹಲ್ಲು ಗೊತ್ತು. ಕಿವಿ ಏನು ಗೊತ್ತು?" ಎಂದರು ಮೇಷ್ಟ್ರು.

ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಪ್ರಯತ್ನ ಎಡವಟ್ಟಾಯಿತು. ಹಲ್ಲಿನ ಅಚ್ಚಿಗೆ ಬಳಸುವ ಪುಡಿಯನ್ನು ಎಲ್ಲಿಂದಲೋ ತರಿಸಿ, ಕಲಸಿ, ಬಡಗಿಯ ಕಿವಿಗೆ ತುಂಬಿದಳು. ತೆಗೆಯುವಾಗ ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಬಡಗಿಯ ಹೆಂಡತಿ ಕೂಗಿದ್ದು ಗೇಟಿನವರೆಗೆ ಕೇಳಿಸಿತು. ಹೊರಗೆ ಹೋಗಲು ಪಾಸು ಬರೆಸಿ, ಗೇಟಿನಾಚೆಯ ಊರಿನ ಧರ್ಮಾಸ್ಪತ್ರೆಗೆ ಅವನನ್ನು ಕರೆದೊಯ್ದರು. ದಾರಿಯುದ್ದಕ್ಕೂ ಮೇಷ್ಟ್ರು ಹೆಂಡತಿಯ ಮುಖ ನೋಡಲಿಲ್ಲ. ಅವಳ ಮುಖ ಸುಣ್ಣದ ಹಾಗಾಗಿತ್ತು.

ಅಲ್ಲಿನ ಕಿವಿ ಡಾಕ್ಟರು ನಡುವಯಸ್ಸಿನ ಹೆಂಗಸು, ಕಡ್ಡಿ ಮುರಿದಂತೆ ಮಾತಾಡುವವರು. ಒಳಗೆ ಸಿಕ್ಕಿದ್ದನ್ನು ಚೂರುಚೂರಾಗಿ ತೆಗೆದು, ಇನ್ನು ಸ್ವಲ್ಪ ಒಳಗೆ ಹೋಗಿದ್ದರೆ ಕಿವಿಯ ಪರದೆ ಹರಿದು ಉಳಿದ ಶ್ರವಣವೂ ಹೋಗುತ್ತಿತ್ತು, ಯಾರು ಈ ಕೆಲಸ ಮಾಡಿದ್ದು ಎಂದು ಕೇಳಿದರು. ನಾನೇ ಎಂದಳು ಮೇಷ್ಟ್ರ ಹೆಂಡತಿ. ಡಾಕ್ಟರು ಬಾಯಿಗೆ ಬಂದಂತೆ ಬೈದರು. ಅವಳು ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡಳು. ಬೈಗುಳ ಮುಗಿದ ಮೇಲೆ ಡಾಕ್ಟರ ಕಣ್ಣು ಹೊರಗೆ ಬಂದಿದ್ದ ಅರ್ಧ ಅಚ್ಚಿನ ಮೇಲೆ ಬಿತ್ತು. ಅದನ್ನು ಎತ್ತಿ ನೋಡಿದರು. ಕಿವಿಯ ಬಟ್ಟಲಿನ ಒಂದೊಂದು ಮಡಿಕೆಯೂ ಅದರಲ್ಲಿ ಮೂಡಿತ್ತು. ಈ ಕೆಲಸ ಎಲ್ಲಿ ಕಲಿತಿದ್ದು ಎಂದು ಕೇಳಿದರು, ಈ ಸಲ ಬೇರೆ ದನಿಯಲ್ಲಿ.

ಡಾಕ್ಟರಿಗೂ ಒಂದು ಕೊರಗಿತ್ತು. ಅಚ್ಚು ಮಾಡಿಸಬೇಕಾದರೆ ದೂರದ ರಾಜಧಾನಿಗೆ ಕಳಿಸಬೇಕು. ಶಿಬಿರದವರಿಗೆ ಅಷ್ಟು ದೂರ ಹೋಗಲು ಅನುಮತಿ ಸಿಗದು, ಊರಿನ ಮುದುಕರಿಗೆ ಕಾಲು ನಡೆಯದು. ಹಾಗಾಗಿ ಎರಡೂ ಕಡೆ ಮೆಷಿನ್ನುಗಳು ಡಬ್ಬಿಯಲ್ಲೇ ಮಲಗಿದ್ದವು. ವಾರಕ್ಕೊಂದು ದಿನ ನನ್ನ ಹತ್ತಿರ ಬನ್ನಿ, ನಾನು ಹೇಳುವವರೆಗೆ ಯಾರ ಕಿವಿಗೂ ಕೈ ಹಾಕಬೇಡಿ ಎಂದರು ಡಾಕ್ಟರು.

ಅವಳು ಹೋದಳು. ಬಿಸಿಲು ಚಳಿ ಎನ್ನದೆ ಹೋದಳು. ಮೊದಲು ದೀಪ ಹಿಡಿದು ಒಳಗೆ ನೋಡುವುದನ್ನು ಕಲಿತಳು. ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಕಿವಿಯ ಆಳಕ್ಕೆ ಇಟ್ಟು, ಅದರಾಚೆ ಏನೂ ಹೋಗದಂತೆ ತಡೆಯುವುದನ್ನು ಕಲಿತಳು. ಹರಿಯದ, ಅಂಟದ ಮೆತ್ತನೆಯ ಗುಲಾಬಿ ಹಿಟ್ಟನ್ನು ಸಿರಿಂಜಿನಿಂದ ಮೆಲ್ಲಗೆ ತುಂಬುವುದನ್ನು ಕಲಿತಳು. ಮನೆಯಲ್ಲಿ ಅಭ್ಯಾಸಕ್ಕೆ ಸಿಕ್ಕವರು ಮೇಷ್ಟ್ರು.

ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಯಿ ಮುಚ್ಚಿಕೊಂಡು ಅಲ್ಲಾಡದೆ ಕೂರಿ, ಇದೊಂದು ನಿಮಗೆ ಕಷ್ಟ ಅಂತ ಗೊತ್ತು ಎಂದಳು. ತಣ್ಣಗಿನ ಹಿಟ್ಟು ಒಳಗೆ ತುಂಬಿಕೊಳ್ಳುತ್ತಿದ್ದಂತೆ ಹೊರಗಿನ ಬೀದಿ, ನಲ್ಲಿಯ ಸದ್ದು, ಮಕ್ಕಳ ಗಲಾಟೆ ಒಂದು ಬದಿಯಿಂದ ಅಳಿಸಿಹೋಯಿತು. ಅವರಿಗೆ ಕೇಳಿಸುತ್ತಿದ್ದದ್ದು ತಮ್ಮದೇ ಉಸಿರು, ತಮ್ಮದೇ ನಾಡಿ. ಇಷ್ಟು ಜನ ಇಷ್ಟು ವರ್ಷ ಇದರೊಳಗೆ ಕೂತಿದ್ದಾರಲ್ಲ ಎಂದು ಅವರಿಗೆ ಮೊದಲ ಸಲ ಹೊಳೆಯಿತು. ಹಿಟ್ಟು ಗಟ್ಟಿಯಾದ ಮೇಲೆ ಅವಳು ಅದನ್ನು ತಿರುಗಿಸಿ ಹೊರತೆಗೆದು ಅವರ ಅಂಗೈಗೆ ಇಟ್ಟಳು. ತಿರುವುಗಳು, ಕಣಿವೆ, ಕಿರಿದಾದ ಒಂದು ಕೊರಕಲು. ಜಗತ್ತಿನ ನದಿಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದ ಮೇಷ್ಟ್ರು ತಮ್ಮ ತಲೆಯೊಳಗೇ ಇದ್ದ ಈ ಜಾಗವನ್ನು ಎಂದೂ ನೋಡಿರಲಿಲ್ಲ. ಅವರು ಅದನ್ನು ಬಹಳ ಹೊತ್ತು ಹಿಡಿದು ಕೂತರು. ಅಚ್ಚು ಹಾಳು ಮಾಡಬೇಡಿ, ಕೊಡಿ ಎಂದು ಅವಳು ಕಿತ್ತುಕೊಂಡಳು.

ಉಳಿದ ಕೆಲಸವೆಲ್ಲ ಅವಳ ಹಳೆಯ ಕಸುಬೇ. ಅಚ್ಚನ್ನು ಪ್ಲಾಸ್ಟರಿನಲ್ಲಿ ಹೂತು ತೆಗೆದು, ಆ ಪೊಳ್ಳಿಗೆ ಹಲ್ಲಿನ ಸೆಟ್ಟಿಗೆ ಹಾಕುವ ಅಕ್ರಿಲಿಕ್ ಒತ್ತಿ, ಬಿಸಿನೀರಿನಲ್ಲಿ ಗಟ್ಟಿ ಮಾಡಿ, ತೂತು ಕೊರೆದು, ಉಜ್ಜಿ ಹೊಳಪು ಕೊಡಬೇಕು. ಬಿಸಿನೀರಿಗೆ ಬೇರೆ ಪಾತ್ರೆ ಇರಲಿಲ್ಲ. ಮನೆಯ ಕುಕ್ಕರೇ ಗತಿ. ಮೇಷ್ಟ್ರು ಹಸಿದು ಬಂದಾಗ, ಸ್ವಲ್ಪ ತಾಳಿ, ಒಳಗೆ ಕಿವಿ ಬೇಯ್ತಾ ಇದೆ ಎನ್ನುವ ಉತ್ತರ ಬರುತ್ತಿತ್ತು.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಮೊದಲ ಅಚ್ಚು ಬಡಗಿಗೇ. ಅವನು ಬರಲು ಹಿಂಜರಿದ. ಅವನ ಹೆಂಡತಿ ತಳ್ಳಿಕೊಂಡು ಬಂದಳು. ಗಾಜಿನಂತೆ ನುಣುಪಾದ ತುಂಡೊಂದು ಅವನ ಕಿವಿಯಲ್ಲಿ ಬೀಗಕ್ಕೆ ಕೀಲಿ ಕೂತಂತೆ ಕೂತಿತು. ಶಿಳ್ಳೆ ಬರಲಿಲ್ಲ. ಕೇಳ್ತಾ ಇದೆಯಾ ಎಂದು ಅವನ ಹೆಂಡತಿ ಎಂದಿನ ರೂಢಿಯಂತೆ ಗಂಟಲು ಹರಿಯುವ ಹಾಗೆ ಕೂಗಿದಳು. ಬಡಗಿ ಬೆಚ್ಚಿ ಸ್ಟೂಲಿನಿಂದ ಎದ್ದುಬಿಟ್ಟ.

"ಯಾಕೆ ಹೀಗೆ ಕೂಗ್ತೀಯ? ನಾನೇನು ಕಿವುಡನಾ?" ಎಂದ.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ತನ್ನ ಜಗಲಿಗೆ ಹೋಗಿ ಅಲ್ಲಿ ಒರಗಿಸಿದ್ದ ಹಲಗೆಗಳನ್ನು ಒಂದೊಂದಾಗಿ ಬೆರಳ ಗಂಟಿನಿಂದ ಬಡಿಯತೊಡಗಿದ. ಮರದ ಸದ್ದು ಕೇಳಿಯೇ ಒಳಗೆ ಟೊಳ್ಳಿದೆಯೇ, ಹಸಿಯಿದೆಯೇ ಎಂದು ಹೇಳುವವನು ಅವನು. ಇಷ್ಟು ವರ್ಷ ಕುರುಡು ನಂಬಿಕೆಯಲ್ಲಿ ಕೊಯ್ದಿದ್ದ. ಒಂದು ಹಲಗೆಯನ್ನು ಬಡಿದು, ತಡೆದು, ಮತ್ತೆ ಬಡಿದು, ಇದರಲ್ಲಿ ಹುಳ ಬಿದ್ದಿದೆ ಎಂದು ಪಕ್ಕಕ್ಕಿಟ್ಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳು ಆಗಲೇ ಕೈ ತೊಳೆಯುತ್ತಿದ್ದಳು.

ಅಂದಿನಿಂದ ಅವಳು ಕಿವಿಯಕ್ಕ.

ಕೆಲಸ ಕೋಣೆಯಿಂದ ಹೊರಗೆ ಹರಿಯಿತು. ಸಂಸ್ಥೆಯವರು ಬಳಸದೆ ಬಿಟ್ಟಿದ್ದ ಹಳೆಯ ಕಂಟೇನರಿಗೆ ಬಡಗಿ ಕಿಟಕಿ ಕೊರೆದು, ಬೆಂಚು ಕೂರಿಸಿಕೊಟ್ಟ. ಕಿವಿಯಕ್ಕ ಶಿಬಿರದ ಹೆಂಗಸರಲ್ಲಿ ಕೈ ನಡುಗದವರನ್ನು ಹುಡುಕಿ ಕೆಲಸಕ್ಕೆ ಕೂರಿಸಿದಳು: ಕಸೂತಿ ಹಾಕುತ್ತಿದ್ದವಳು, ಗಡಿಯಾರ ರಿಪೇರಿಯವನ ವಿಧವೆ, ಕೇಕಿಗೆ ಹೂ ಬಿಡಿಸುತ್ತಿದ್ದವಳು. ಪರೀಕ್ಷೆ ಒಂದೇ, ಸೂಜಿಗೆ ದಾರ ಪೋಣಿಸುತ್ತಾ ಅವಳ ಬೈಗುಳ ಕೇಳಿಸಿಕೊಳ್ಳಬೇಕು. ದಾರ ತಪ್ಪದಿದ್ದರೆ ಪಾಸು.

ಅಷ್ಟರಲ್ಲಿ ಸಂಸ್ಥೆ ಹೊರಟು ನಿಂತಿತು. ಬೇರೆಡೆ ಹೊಸ ಯುದ್ಧಗಳು ಹುಟ್ಟಿದ್ದವು. ಹಳೆಯ ಯುದ್ಧದವರ ಸರದಿ ಮುಗಿದಿತ್ತು. ಅದರ ಮುಖ್ಯಸ್ಥ ಒಳ್ಳೆಯವನೇ, ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದ: ಇನ್ನು ಮೆಷಿನ್ನೂ ಇಲ್ಲ, ಅದಕ್ಕೆ ಹಾಕುವ ಸೆಲ್ಲೂ ಇಲ್ಲ. ಸೆಲ್ಲು ಇಲ್ಲದ ಮೆಷಿನ್ನು ಕಿವಿಯಲ್ಲಿ ಇಟ್ಟುಕೊಂಡ ಕಲ್ಲು. ಕೇಳತೊಡಗಿದ್ದವರು ಮತ್ತೆ ಒಬ್ಬೊಬ್ಬರಾಗಿ ಬಾವಿಗಿಳಿಯುತ್ತಾರೆ ಎಂದು ಎಲ್ಲರಿಗೂ ಗೊತ್ತಾಯಿತು. ಮೇಷ್ಟ್ರು ಕೈಚೆಲ್ಲಿ ಕೂತರು. ನಮ್ಮ ಹಣೆಬರಹ ಇಷ್ಟೇ ಎಂದರು.

"ಕಿವುಡರು ಊರಲ್ಲೂ ಇರ್ತಾರಲ್ರೀ," ಎಂದಳು ಕಿವಿಯಕ್ಕ. "ಅವರು ದುಡ್ಡು ಕೊಟ್ಟು ಮಾಡಿಸ್ಕೊಳ್ಳಲಿ. ಅವರ ಒಂದು ಕಿವಿ ನಮ್ಮದೊಂದು ಕಿವಿನ ಸಾಕತ್ತೆ."

"ಊರಿನೋರು ಈ ಗೇಟು ದಾಟಿ ಬರ್ತಾರಾ? ನಮ್ಮನ್ನ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗ್ತಾರೆ."

"ರಾಜಧಾನಿ ದೂರ ಇದೆ, ಗೇಟು ಹತ್ತಿರ ಇದೆ. ಮುದುಕರಿಗೆ ಕಾಲು ನೋಯತ್ತೆ. ಬರ್ತಾರೆ."

ಶಿಬಿರದವರು ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವಂತಿರಲಿಲ್ಲ. ಕಿವಿ ಡಾಕ್ಟರು ಆಸ್ಪತ್ರೆಯವರೊಡನೆ ಜಗಳವಾಡಿ, ಕಂಟೇನರನ್ನು ಆಸ್ಪತ್ರೆಯದೇ ಒಂದು ಕೋಣೆ ಎಂದು ಬರೆಸಿದರು. ಮೇಲ್ವಿಚಾರಣೆ ಅವರದು, ಕೆಲಸ ಇವರದು. ಬಡಗಿ ಬೋರ್ಡು ಮಾಡಿ ಗೇಟಿಗೆ ನೇತುಹಾಕಿದ. ಬೋರ್ಡು ಗಾಳಿಗೆ ಅಲ್ಲಾಡುತ್ತಾ ಇತ್ತು, ಯಾರೂ ಬರಲಿಲ್ಲ. ನಾನು ಹೇಳಿರಲಿಲ್ಲವೇ ಎನ್ನುತ್ತಿತ್ತು ಮೇಷ್ಟ್ರ ಮುಖ.

ಕೊನೆಗೆ ಬಂದದ್ದು, ಯಾರೂ ಎಣಿಸದಿದ್ದ ಅಂಗಡಿ ಅಜ್ಜಿ. ಗೇಟಿನ ಎದುರೇ ಅವಳ ದಿನಸಿ ಅಂಗಡಿ. ಶಿಬಿರವನ್ನು ಇಲ್ಲಿಂದ ಎತ್ತಿಸಬೇಕು ಎಂದು ಊರಿನವರು ಮೆರವಣಿಗೆ ಮಾಡಿದಾಗ ಮುಂದಿನ ಸಾಲಿನಲ್ಲಿದ್ದವಳು. ಎರಡೂ ಕಡೆಯವರ ಭಾಷೆ ಒಂದೇ, ರಾಗ ಮಾತ್ರ ಬೇರೆ. ಆದರೆ ಈ ಕ್ಯಾಂಪಿನೋರ ಮಾತು ಒಂದಕ್ಷರ ತಿಳಿಯಲ್ಲ, ಬಾಯಲ್ಲಿ ಕಲ್ಲು ಇಟ್ಕೊಂಡ ಹಾಗೆ ಗೊಣಗ್ತಾರೆ ಎಂದು ವರ್ಷಗಟ್ಟಲೆ ದೂರುತ್ತಿದ್ದಳು. ಸೋಪು ಕೇಳಿದವರಿಗೆ ಸೂಜಿ ಕೊಟ್ಟು, ವಾಪಸ್ಸು ತಂದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಈಗ ಮಗಳ ತೋಳು ಹಿಡಿದುಕೊಂಡು, ಯಾರಿಗೂ ಕಾಣಬಾರದೆಂಬಂತೆ ಶಾಲು ಹೊದ್ದು ಬಂದಿದ್ದಳು. ನನಗೇನೂ ಆಗಿಲ್ಲ, ಇವಳ ಬಲವಂತಕ್ಕೆ ಬಂದೆ ಎಂದಳು ಕೂರುವ ಮೊದಲೇ.

ಕಿವಿಯಕ್ಕ ಅವಳ ಕಿವಿಯನ್ನು ಮೆತ್ತಗೆ ಎತ್ತಿ ದೀಪ ಹಿಡಿದಳು. ಇದೇ ಕೈಗಳಿಂದ ಎಷ್ಟೋ ಸಲ ತಪ್ಪು ಸಾಮಾನು ವಾಪಸ್ಸು ಕೊಟ್ಟಿದ್ದಳು, ಬೈಸಿಕೊಂಡಿದ್ದಳು. ಒಂದು ಮಾತೂ ಎತ್ತಲಿಲ್ಲ. ಅಚ್ಚು ಸಿದ್ಧವಾಗಿ, ಮೆಷಿನ್ನು ಹಾಕಿ, ಡಾಕ್ಟರು ಸದ್ದು ಸರಿಮಾಡಿ ಕೊಟ್ಟ ದಿನ ಅಜ್ಜಿ ಎದ್ದು ಹೋಗದೆ ಕಂಟೇನರಿನಲ್ಲೇ ಕೂತಳು. ಮೂಲೆಯ ಹೆಂಗಸರು ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಿದ್ದರು, ಕೆಮ್ಮಿದ ಮಗುವಿಗೆ ಯಾರ ಮದ್ದು ಒಳ್ಳೆಯದು ಎಂದು. ಅಜ್ಜಿ ಅದನ್ನು ಕಿವಿಗೊಟ್ಟು ಕೇಳಿದಳು. ಎದ್ದು ಹೊರಡುವಾಗ ಗಂಭೀರವಾಗಿ ಹೇಳಿದಳು.

"ಇತ್ತೀಚೆಗೆ ನಿಮ್ಮೋರ ಮಾತು ಎಷ್ಟೋ ಸುಧಾರಿಸಿದೆ."

ಕಿವಿಯಕ್ಕನೂ ಅಷ್ಟೇ ಗಂಭೀರವಾಗಿ, ಹೌದಜ್ಜಿ, ಪ್ರಯತ್ನ ಮಾಡ್ತಾ ಇದ್ದೀವಿ ಎಂದಳು.

ಅಜ್ಜಿ ಬದಲಾಗಲಿಲ್ಲ. ಬೆಲೆಯ ವಿಷಯದಲ್ಲಿ ಈಗಲೂ ಶಿಬಿರದವರ ಜೊತೆ ಜಗಳವಾಡುತ್ತಾಳೆ, ಏನು ಕೇಳಿದರು ಎಂದು ಗೊತ್ತಿದ್ದೇ ಜಗಳವಾಡುತ್ತಾಳೆ. ಆದರೆ ಅವಳ ಅಂಗಡಿಯಿಂದ ಸುದ್ದಿ ಕಿವಿಯಿಂದ ಕಿವಿಗೆ ಹೋಯಿತು. ನಿವೃತ್ತ ಪೋಸ್ಟ್‌ಮಾಸ್ಟರ್ ಬಂದರು, ಗಿರಣಿಯ ಸದ್ದಿನಲ್ಲಿ ಕಿವಿ ಕಳೆದುಕೊಂಡ ಕೆಲಸಗಾರರು ಬಂದರು, ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು ಬಂದ. ಅವರು ಕೊಟ್ಟ ಹಣದಲ್ಲಿ ಶಿಬಿರದ ಕಿವಿಗಳಿಗೆ ಅಚ್ಚು, ಮೆಷಿನ್ನು, ಬಿಸಿಲಿನಲ್ಲಿ ಮತ್ತೆ ಮತ್ತೆ ಚಾರ್ಜು ತುಂಬಿಸಿಕೊಳ್ಳಬಹುದಾದ ಸೆಲ್ಲುಗಳು ಬಂದವು. ಬೆಂಚಿನ ಮೇಲೆ ಊರಿನವರೂ ಶಿಬಿರದವರೂ ಭುಜಕ್ಕೆ ಭುಜ ತಾಗಿಸಿ ಕಾಯುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಮಾತು ಕೇಳಿಸದಿದ್ದುದರಿಂದ ಕೈಸನ್ನೆಯಲ್ಲೇ ಸ್ನೇಹವಾಗುತ್ತಿತ್ತು.

ಕಿವಿ ಸಿಕ್ಕಿದರೆ ಕೆಲಸ ಮುಗಿಯಿತು ಎಂದು ಮೇಷ್ಟ್ರು ಅಂದುಕೊಂಡಿದ್ದರು. ಹಾಗಲ್ಲ. ವರ್ಷಗಟ್ಟಲೆ ಕೇಳದವರಿಗೆ ಚಮಚ ಬಿದ್ದ ಸದ್ದೂ ಮನುಷ್ಯರ ಮಾತೂ ಒಂದೇ ರಾಶಿಯಾಗಿ ಮೈಮೇಲೆ ಬೀಳುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಮತ್ತೆ ಕಲಿಯಬೇಕು. ಅದಕ್ಕೆ ದಿನವೂ ಬೇಸರವಿಲ್ಲದೆ, ಸ್ಪಷ್ಟವಾಗಿ ಮಾತಾಡುವವರೊಬ್ಬರು ಬೇಕು ಎಂದರು ಡಾಕ್ಟರು. ಕಿವಿಯಕ್ಕ ಗೇಟಿನ ಬಳಿ ಹರಟೆಯಲ್ಲಿದ್ದ ಗಂಡನ ಮುಂದೆ ಹೋಗಿ ನಿಂತಳು.

"ಮಾತಾಡೋದು ಬಿಟ್ಟು ನಿಮಗೆ ಬೇರೇನೂ ಬರಲ್ಲ. ಬನ್ನಿ, ಅದನ್ನೇ ಮಾಡಿ."

ಮೇಷ್ಟ್ರಿಗೆ ಮತ್ತೆ ತರಗತಿ ಸಿಕ್ಕಿತು. ತುಟಿ ಕಾಣದಂತೆ ಮುಖಕ್ಕೆ ಕಾಗದ ಅಡ್ಡ ಹಿಡಿದು ಅವರು ನದಿಗಳ ಹೆಸರು, ಪರ್ವತಗಳ ಹೆಸರು ಹೇಳುತ್ತಿದ್ದರು. ಎದುರಿನ ಮುದುಕರು ಮಕ್ಕಳಂತೆ ಅದನ್ನು ತಿರುಗಿ ಹೇಳುತ್ತಿದ್ದರು. ಗೇಟಿನ ಬಳಿಯ ಗುಂಪಿಗೆ ಅವರು ಹೋಗುವುದು ಕಡಿಮೆಯಾಯಿತು. ಯಾವಾಗ ನಿಂತಿತು ಎಂದು ಅವರಿಗೇ ನೆನಪಿಲ್ಲ.

ಅವರು ಜೀವಮಾನದಲ್ಲಿ ಮರೆಯದ ದಿನವೊಂದಿದೆ. ಒಬ್ಬ ಹೆಂಗಸು ಮಗಳೊಂದಿಗೆ ಬಂದಿದ್ದಳು. ಅವಳು ಬಸುರಿಯಾಗಿದ್ದಾಗ ಮನೆಯ ಮೇಲೆ ಬಾಂಬು ಬಿದ್ದು, ತನ್ನ ತಾಯಿಯನ್ನೂ ಕಿವಿಯನ್ನೂ ಒಟ್ಟಿಗೆ ಕಳೆದುಕೊಂಡವಳು. ಮಗಳು ಹುಟ್ಟಿದ್ದು ಶಿಬಿರದಲ್ಲಿ. ಈಗ ತಾಯಿಯ ಭುಜದೆತ್ತರಕ್ಕೆ ಬೆಳೆದಿದ್ದಳು. ತಾಯಿ ಮಗಳ ನಡುವೆ ಎಲ್ಲವೂ ಕೈಯಲ್ಲೇ, ಕಣ್ಣಲ್ಲೇ. ಮಗಳ ದನಿಯನ್ನು ತಾಯಿ ಒಂದು ಸಲವೂ ಕೇಳಿರಲಿಲ್ಲ.

ಉಳಿದ ಶ್ರವಣ ತೀರಾ ಕಡಿಮೆ, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸದ್ದು ಬಹಳ ಏರಿಸಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಶಿಳ್ಳೆ. ಕಿವಿಯಕ್ಕ ಆ ಅಚ್ಚನ್ನು ಮಾಡಿ, ಮುರಿದು, ಮತ್ತೆ ಮಾಡಿದ್ದಳು. ಅಂದು ಅದನ್ನು ಕೂರಿಸಿ, ಅಂಚಿನ ಸುತ್ತ ಬೆರಳಾಡಿಸಿ, ಹಿಂದೆ ಸರಿದು ಮಗಳಿಗೆ ಕಣ್ಣಲ್ಲೇ ಮಾತಾಡು ಎಂದಳು.

ಹುಡುಗಿ ಬೆಬ್ಬಳಿಸಿದಳು. ತಾಯಿಯೊಡನೆ ಅವಳು ಎಂದೂ ಬಾಯಿಯಿಂದ ಮಾತಾಡಿದವಳಲ್ಲ. ಅವಳ ಕೈಗಳು ಎದ್ದವು, ಮತ್ತೆ ಇಳಿದವು.

"ಅಮ್ಮ, ನಾನು ಏನು ಹೇಳ್ಲಿ?" ಎಂದಳು.

ತಾಯಿಯ ಮುಖದಲ್ಲಿ ಏನೂ ಆಗಲಿಲ್ಲ. ಕೇಳಿಸಲಿಲ್ಲ ಎಂದುಕೊಂಡರು ಮೇಷ್ಟ್ರು. ಆಮೇಲೆ ಆ ಹೆಂಗಸು ಕೈ ಚಾಚಿ ಮಗಳ ಗಂಟಲ ಮೇಲೆ ಎರಡು ಬೆರಳಿಟ್ಟಳು. ಬಹುಕಾಲ ಬಳಸದೆ ಒರಟಾಗಿದ್ದ ದನಿಯಲ್ಲಿ ಹೇಳಿದಳು.

"ಇನ್ನೊಂದ್ಸಲ ಹೇಳು. ಇದು ನಿಮ್ಮಜ್ಜಿ ದನಿ."

ಅಜ್ಜಿ ಸತ್ತದ್ದು ಈ ಹುಡುಗಿ ಹುಟ್ಟುವ ಮುಂಚೆ. ಇವಳು ಅಜ್ಜಿಯನ್ನು ಕಂಡಿಲ್ಲ, ಆ ದನಿಯನ್ನು ಕೇಳಿಲ್ಲ. ಆದರೂ ಅದು ಇಷ್ಟು ವರ್ಷ ಇವಳ ಗಂಟಲಲ್ಲಿ ಇತ್ತು. ಸಾಲಿನ ಜನರೆಲ್ಲ ಅದನ್ನು ಕೇಳುತ್ತಿದ್ದರು, ಯಾರದೆಂದು ಗುರುತಿಸಬಲ್ಲ ಒಬ್ಬಳಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಹುಡುಗಿ ಅದೇ ಮಾತನ್ನು ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಉಜ್ಜುವ ಯಂತ್ರಗಳು ನಿಂತಿದ್ದವು. ಕಸೂತಿಯವಳು ಮುಖ ಮುಚ್ಚಿಕೊಂಡಿದ್ದಳು. ಸುಲಭಕ್ಕೆ ಕರಗದ ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಕಿವಿಯಕ್ಕ ಮಾತ್ರ ಆ ಹೆಂಗಸಿನ ಕಿವಿಯನ್ನೇ ನೋಡುತ್ತಿದ್ದಳು, ಅಂಚು ಎಲ್ಲಾದರೂ ಒತ್ತುತ್ತಿದೆಯೇ ಎಂದು. ಮೇಷ್ಟ್ರು ಹೆಂಡತಿಯನ್ನು ನೋಡುತ್ತಿದ್ದರು. ಮದುವೆಯಾದಾಗಿನಿಂದ ಕಂಡ ಮುಖ, ಬೆರಳ ಉಗುರಿನಲ್ಲಿ ಒಣಗಿದ ಪ್ಲಾಸ್ಟರು. ಇವಳನ್ನು ತಾನು ಇಷ್ಟು ವರ್ಷ ನೋಡಿದ್ದೇನೆಯೇ ಎನ್ನಿಸಿತು ಅವರಿಗೆ. ದೇವಸ್ಥಾನದಲ್ಲಿ ನಿಂತವರಂತೆ ಅವರು ಕೈ ಕಟ್ಟಿಕೊಂಡು ನಿಂತರು.

ಯುದ್ಧ ಇನ್ನೂ ಮುಗಿದಿಲ್ಲ. ಆಗಾಗ ಶಾಂತಿಯ ಮಾತು ಕೇಳಿಬರುತ್ತದೆ, ಮತ್ತೆ ಅಡಗುತ್ತದೆ. ಕಂಟೇನರು ಈಗ ಮೂರು ಕೋಣೆಯ ಕಟ್ಟಡವಾಗಿದೆ. ಊರಿನ ಹುಡುಗಿಯರೂ ಇಲ್ಲಿ ಕೆಲಸ ಕಲಿಯುತ್ತಾರೆ. ದನಿ ಕೇಳಿಸಿಕೊಂಡ ಆ ತಾಯಿ ಈಗ ಪಾಲಿಶ್ ಮೇಜಿನಲ್ಲಿ ಕೂರುತ್ತಾಳೆ. ಯಂತ್ರದ ಗದ್ದಲ ಜಾಸ್ತಿಯಾದರೆ ಮೆಷಿನ್ನು ಆಫ್ ಮಾಡಿಕೊಂಡು, ಈ ಸೌಕರ್ಯ ನಿಮಗಿಲ್ಲ ಎಂದು ಉಳಿದವರನ್ನು ಅಣಕಿಸುತ್ತಾಳೆ.

ಹೋದ ವರ್ಷ ಬೇರೊಂದು ದೇಶದ, ಬೇರೊಂದು ಯುದ್ಧದ ಶಿಬಿರದಿಂದ ಇಬ್ಬರು ಹೆಂಗಸರು ಕೆಲಸ ಕಲಿಯಲು ಬಂದರು. ಅವರ ಭಾಷೆ ಇಲ್ಲಿ ಯಾರಿಗೂ ಬಾರದು. ಕಿವಿಯಕ್ಕ ಅವರ ಕೈ ಹಿಡಿದೇ ಕಲಿಸಿದಳು, ತನ್ನ ಭಾಷೆಯಲ್ಲೇ ಬೈದಳು. ಬೈಗುಳವೇ ಅವರಿಗೆ ಮೊದಲು ಅರ್ಥವಾಯಿತು. ಅವರು ಹೋಗಿ ಕೆಲವು ತಿಂಗಳ ಮೇಲೆ ಅಂಚೆಯಲ್ಲಿ ಒಂದು ಸಣ್ಣ ಡಬ್ಬಿ ಬಂತು. ಹತ್ತಿಯ ನಡುವೆ ಅವರು ಸ್ವತಃ ಮಾಡಿದ ಮೊದಲ ಅಚ್ಚು. ಒಂದೇ ಕಿವಿಗೆ ಎರಡು ಮಾಡಿ, ಒಂದನ್ನು ಪರೀಕ್ಷೆಗೆಂದು ಕಳಿಸಿದ್ದರು.

ಕಿವಿಯಕ್ಕ ಅದನ್ನು ಕಿಟಕಿಯ ಬಳಿ ಒಯ್ದಳು. ಕಣ್ಣು ಕಿರಿದು ಮಾಡಿ ನೋಡಿದಳು, ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು.

"ತುದಿ ಇನ್ನೊಂದು ಚೂರು ಉದ್ದ ಬೇಕಿತ್ತು," ಎಂದಳು. "ಆದರೂ ನಿಲ್ಲತ್ತೆ. ಒತ್ತಲ್ಲ."

ಆಮೇಲೆ ಅದನ್ನು ಮೇಷ್ಟ್ರ ಅಂಗೈಗೆ ಹಾಕಿ, ಕಾಯುತ್ತಿದ್ದ ಮುದುಕನನ್ನು ಕರೆಯಲು ಒಳಗೆ ಹೋದಳು. ಚಿಕ್ಕ ಕಿವಿ, ಬಹುಶಃ ಹೆಂಗಸಿನದು, ಅಥವಾ ಮಗುವಿನದು. ಯಾರದೆಂದು ಕೇಳಲು ಭಾಷೆ ಇರಲಿಲ್ಲ. ಈಗ ಈ ಗಳಿಗೆಯಲ್ಲಿ ಅಲ್ಲೆಲ್ಲೋ ಯಾರೋ ಆ ಕಿವಿಯವರನ್ನು ಹೆಸರು ಹಿಡಿದು ಕರೆಯುತ್ತಿರಬಹುದು, ಅವರು ಓ ಎನ್ನುತ್ತಿರಬಹುದು. ಮೇಷ್ಟ್ರು ಆ ಪುಟ್ಟ ಹೊಳೆಯುವ ತುಂಡನ್ನು ಬಿಸಿಲಿಗೆ ಹಿಡಿದುಕೊಂಡು ನಿಂತೇ ಇದ್ದರು. ಒಳಗೆ ಕಿವಿಯಕ್ಕ ಮುದುಕನಿಗೆ ಅಲ್ಲಾಡಬೇಡಿ ಎಂದು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.